ಮಂಗಳೂರೂ ಕನ್ನಡ ಸಾಹಿತ್ಯವೂ

ಕಳೆದ ಜೂನ್ ತಿಂಗಳಲ್ಲಿ ಶಾಲೆ ಮರಳಿ ತೆರೆದ ವಾರ, ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬರು ತಮ್ಮ ಮಗಳ ಕೈ ಹಿಡಿದುಕೊಂಡು ಆಫೀಸಿಗೆ ಬಂದರು. ಹುಡುಗಿಗೆ ವರ್ಗಾವಣೆ ಪತ್ರ ಬೇಕೆಂಬುದು ಅವರ ಬೇಡಿಕೆಯಾಗಿತ್ತು. ಕಾರಣವೇನೆಂದು ನಾವು ವಿಚಾರಿಸಲಾಗಿ ಅವರು, "ಟೀಚರ್, ಮನೆಯಲ್ಲಿ ನಾವು ಆಡುವುದು ತುಳು. ಮುಂದೆ ಇವಳಿಗೆ ಒಳ್ಳೆಯ ಕೆಲಸ ಸಿಕ್ಕಬೇಕಾದರೆ ಇಂಗ್ಲಿಷು ಬೇಕು. ಇವೆರಡರ ನಡುವೆ ಈ ಕನ್ನಡದಿಂದ ಇವಳಿಗೇನು ಪ್ರಯೋಜನ?" ಎಂದು ಕೇಳಿದರು. ಅವರು ಉದ್ಧಟತನದಿಂದ ಕೇಳಿದವರಲ್ಲ. ಮಗಳ ಹಿತವನ್ನೇ ಚಿಂತಿಸಿ, ಕೊಂಚ ಸಂಕೋಚದಿಂದಲೇ ಕೇಳಿದರು. ಆ ದಿನ ಪ್ರವೇಶದ ಗಡಿಬಿಡಿ. ಹೊರಗೆ ಹತ್ತಾರು ಮಂದಿ ಕಾದಿದ್ದರು. ತಕ್ಕ ಉತ್ತರವು ನಮಗೆ ಒಡನೆ ಹೊಳೆಯಲಿಲ್ಲ. ಪತ್ರಕ್ಕೆ ರುಜು ಹಾಕಿ ಕೊಟ್ಟೆವು.

ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಈ ಸ್ಮರಣ ಸಂಚಿಕೆಗೆ ನಮ್ಮ ಊರಿನ ಚರಿತ್ರೆಯನ್ನೂ ಸಾಹಿತ್ಯವನ್ನೂ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಆ ತಾಯಿಗೆ ಕೊಡದೆ ಉಳಿದಿದ್ದ ಉತ್ತರವನ್ನೇ ಇಲ್ಲಿ ಬರೆಯೋಣವೆಂದು ನಿಶ್ಚಯಿಸಿದೆವು. ಮಂಗಳೂರಿನ ಸಾಹಿತ್ಯ ಚರಿತ್ರೆಯನ್ನು ನೋಡಿದಷ್ಟಕ್ಕೂ ಅವರ ಪ್ರಶ್ನೆಗೆ ಅದರೊಳಗೇ ಉತ್ತರವುಂಟೆಂದು ನಮಗೆ ತೋರಿಬಂದಿದೆ.

ಮೊದಲು ಊರಿನ ನೆಲೆಯನ್ನು ಅರಿಯೋಣ. ತೆಂಕಣದಿಂದ ನೇತ್ರಾವತಿಯೂ ಬಡಗಣದಿಂದ ಗುರುಪುರದ ಹೊಳೆಯೂ ಹರಿದು ಬಂದು, ಮರಳ ದಿಣ್ಣೆಗಳ ಹಿಂದೆ ಹಿನ್ನೀರಾಗಿ ಕೂಡಿ ಕಡಲನ್ನು ಸೇರುವ ಎಡೆಯಲ್ಲಿ ನಮ್ಮ ಪಟ್ಟಣವಿದೆ. ಬಿರುಗಾಳಿಗೆ ಮರೆಯಾದ ಈ ಹಿನ್ನೀರೇ ಹಡಗುಗಳಿಗೆ ಆಶ್ರಯವಾಯಿತು. ಹೊಳೆಗಳೇ ಘಟ್ಟದ ಬುಡದಿಂದ ಸರಕನ್ನು ಇಳಿಸುವ ದಾರಿಯಾದುವು. ಕನ್ನಡದಲ್ಲಿ ನಾವು ಮಂಗಳೂರೆನ್ನುವ ಈ ಊರನ್ನು ತುಳುವರು ಕುಡ್ಲವೆಂದೂ ಕೊಂಕಣಿಗರು ಕೊಡಿಯಾಲವೆಂದೂ ಬ್ಯಾರಿಗಳು ಮೈಕಾಲವೆಂದೂ ಕರೆಯುತ್ತಾರೆ. ಒಂದೇ ಪೇಟೆಗೆ ನಾಲ್ಕು ಹೆಸರು. ದಕ್ಕೆಯಲ್ಲಿ ಮೀನು ಕೊಳ್ಳುವಾಗ ಒಂದು ಭಾಷೆ, ಬಟ್ಟೆಯಂಗಡಿಯಲ್ಲಿ ಇನ್ನೊಂದು, ನೆರೆಮನೆಯಲ್ಲಿ ಮತ್ತೊಂದು, ಹೀಗೆ ಎಳವೆಯಲ್ಲಿಯೇ ಮೂರು ನಾಲ್ಕು ನುಡಿಗಳನ್ನು ಆಡಬಲ್ಲ ಮಕ್ಕಳು ನಮ್ಮ ತರಗತಿಗಳಲ್ಲಿ ಎಂದೂ ಇದ್ದಾರೆ.

ಈ ಬಹುಭಾಷಾ ಜೀವನವು ನಿನ್ನೆ ಮೊನ್ನೆಯದಲ್ಲ. ಈ ಸೀಮೆಯನ್ನು ಬಹುಕಾಲ ಆಳಿದ ಆಳುಪರ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಹೆಸರಿದೆ. ಅದರ ಕಾಲ ಕ್ರಿ. ಶ. 968. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು, ಉತ್ತರ ಆಫ್ರಿಕದಿಂದ ಏಡನ್ ಮಾರ್ಗವಾಗಿ ಇಲ್ಲಿಗೆ ಬಂದು, ಸುಮಾರು 1132ರಿಂದ 1149ರ ವರೆಗೆ ನೆಲಸಿ ವ್ಯಾಪಾರ ಮಾಡಿದನು. ಅವನ ಪತ್ರಗಳೂ ಲೆಕ್ಕದ ಚೀಟಿಗಳೂ ಕೈರೋ ನಗರದ ಯೆಹೂದ್ಯ ಸಭಾಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದು ಬಂದುವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸುಡಬಾರದೆಂಬುದು ಅವರ ಆಚಾರ. ಆ ಕಾಗದಗಳಲ್ಲಿ, ಅವನ ಸೇವಕನಾಗಿ ದೂರದ ಏಡನ್ನಿಗೂ ಹೋಗಿ ವ್ಯವಹಾರ ನಡೆಸಿದ ಈ ಕರಾವಳಿಯ ಮನುಷ್ಯನೊಬ್ಬನ ಪ್ರಸ್ತಾಪವಿದೆ. ಅವನ ಹೆಸರು ಬೊಮ್ಮನೆಂದು ಲೇಖಕ ಅಮಿತಾವ್ ಘೋಷರು 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಬೊಮ್ಮನು ತನ್ನ ಧಣಿಯೊಡನೆ ಯಾವ ಭಾಷೆಯಲ್ಲಿ ಮಾತಾಡಿದ್ದರೂ, ಅದನ್ನು ಇಬ್ಬರಲ್ಲಿ ಒಬ್ಬನಾದರೂ ಕಲಿತುಕೊಂಡಿರಲೇಬೇಕಷ್ಟೆ.

ಸುಮಾರು 1342ರಲ್ಲಿ ಬಂದ ಯಾತ್ರಿಕ ಇಬ್ನ್ ಬತೂತನು, ಫಾರಸ್ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುವರೆಂದೂ ಮೆಣಸು ಶುಂಠಿಗಳು ಹೇರಳವಾಗಿವೆಯೆಂದೂ ಬರೆದಿಟ್ಟನು. 1568ರಲ್ಲಿ ಪೋರ್ಚುಗೀಸರು ಪಟ್ಟಣವನ್ನು ಹಿಡಿದು ಕೋಟೆ ಕಟ್ಟಿದರು; ಹೊಳೆಯಾಚೆಯ ಉಳ್ಳಾಲದ ರಾಣಿ ಅಬ್ಬಕ್ಕನು ಅವರನ್ನು ಎದುರಿಸಿ ನಿಂತದ್ದನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಬಳಿಕ ಕೆಳದಿಯ ನಾಯಕರು, 1763ರಿಂದ ಹೈದರಾಲಿ, ಅನಂತರ ಟಿಪ್ಪು ಸುಲ್ತಾನ್. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಒಪ್ಪಂದಕ್ಕೆ 1784ರ ಮಾರ್ಚ್ 11ರಂದು ಇಲ್ಲಿಯೇ ರುಜು ಬಿದ್ದಿತು. 1799ರಲ್ಲಿ ಸೀಮೆಯು ಇಂಗ್ಲಿಷರ ವಶವಾಗಿ ಮದ್ರಾಸಿನ ಆಡಳಿತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವ ವರೆಗೂ ಮದ್ರಾಸಿನ ಜೊತೆಯಲ್ಲಿಯೇ ಇದ್ದಿತು.

ಇಷ್ಟು ಜನ ಬಂದು ಹೋದರೂ, ಹೆಚ್ಚು ಮನೆಗಳಲ್ಲಿ ಆಡುವ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೂ, ಬರವಣಿಗೆಗೆ ಎಲ್ಲರೂ ಕೈಯಿಕ್ಕಿದ್ದು ಕನ್ನಡಕ್ಕೆ. ಶಾಸನ, ಲೆಕ್ಕಪತ್ರ, ಭೂಮಿಯ ದಾಖಲೆ, ಯಕ್ಷಗಾನದ ಪ್ರಸಂಗ, ಎಲ್ಲಕ್ಕೂ ಕನ್ನಡವೇ. ಅದು ಹಲವು ಮನೆಗಳ ನಡುವೆ ಎಲ್ಲರೂ ಬಂದು ಕೂರುವ ಒಂದು ಚಾವಡಿಯಂತೆ ಇದ್ದಿತು.

ಈ ಚಾವಡಿಗೆ 1834ರಲ್ಲಿ ಇನ್ನೂ ಕೆಲವರು ಬಂದರು. ಆ ವರ್ಷದ ಅಕ್ಟೋಬರ್ 30ರಂದು ಬಾಸೆಲ್ ಮಿಶನಿನ ಮೊದಲನೆಯ ಮೂವರು ಮಿಶನೆರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ಮಂಗಳೂರನ್ನು ಮುಟ್ಟಿದರು. ಅವರು ಬಂದದ್ದು ಸುವಾರ್ತೆಯನ್ನು ಸಾರುವುದಕ್ಕೆ. ಇದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಆದರೆ ಜನರ ಮಾತನ್ನು ಕಲಿಯದೆ ಸಾರುವುದು ಹೇಗೆ? ಮೊದಲು ಅವರು ಶಿಷ್ಯರಾಗಬೇಕಾಯಿತು. ಮುನ್ಷಿಗಳ ಮುಂದೆ ಕುಳಿತು ಅಕ್ಷರ ತಿದ್ದಿದರು, ಸಂತೆಯಲ್ಲಿ ನಿಂತು ಮಾತು ಕಲಿತರು. ಹಾಗೆ ಕಲಿತದ್ದು ಅವರ ಮೊದಲಿನ ಉದ್ದೇಶಕ್ಕಿಂತ ಬಹಳ ದೊಡ್ಡದಾದ ಫಲವನ್ನು ಕೊಟ್ಟಿತು.

1841ರಲ್ಲಿ ವೈಗ್ಲೆ ಎಂಬವರ ಪ್ರಯತ್ನದಿಂದ ಇಲ್ಲಿ ಒಂದು ಕಲ್ಲಚ್ಚಿನ ಮುದ್ರಣಾಲಯ ಸ್ಥಾಪಿತವಾಯಿತು. ಕಲ್ಲಚ್ಚೆಂದರೇನೆಂದು ಈಗಿನ ಮಕ್ಕಳಿಗೆ ತಿಳಿಯದು. ನುಣುಪು ಮಾಡಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರಗಳನ್ನು ಮೂಡಿಸಿ, ಕಲ್ಲನ್ನು ನೀರಿನಿಂದ ತೇವ ಮಾಡುವರು. ಎಣ್ಣೆಗೂ ನೀರಿಗೂ ಕೂಡದಾದ್ದರಿಂದ, ಆ ಮೇಲೆ ಸವರಿದ ಮಸಿಯು ತೇವವಿದ್ದಲ್ಲಿ ನಿಲ್ಲದೆ ಅಕ್ಷರಗಳಿಗೆ ಮಾತ್ರ ಅಂಟಿಕೊಳ್ಳುವುದು. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಒಂದು ಪುಟ ಸಿದ್ಧ. ಕಾಗುಣಿತವೂ ಒತ್ತಕ್ಷರವೂ ಇರುವ ಕನ್ನಡಕ್ಕೆ ಅಚ್ಚುಮೊಳೆಗಳನ್ನು ಎರಕ ಹೊಯ್ಯುವುದು ಬಹು ಕಷ್ಟದ ಕೆಲಸ. ನೂರಾರು ಬಗೆಯ ಮೊಳೆಗಳು ಬೇಕು. ಕಲ್ಲಚ್ಚಿನಲ್ಲಿಯಾದರೋ ಲಿಪಿಕಾರನ ಕೈಯಿಂದ ಬಂದ ಅಕ್ಷರವೇ ಸಾಕು. ಆದಕಾರಣ ಮೊಳೆಗಳು ಒದಗುವ ಮುಂಚೆಯೇ ಇಲ್ಲಿ ಪುಸ್ತಕಗಳು ಹೊರಡಲು ತೊಡಗಿದುವು.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅಯ್ಯನವರು ಇದೇ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊತ್ತಮೊದಲನೆಯ ವೃತ್ತಪತ್ರಿಕೆ ಅದೇ. ಜುಲೈ 1ನ್ನು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನವೆಂದು ಆಚರಿಸುವುದು ಆ ನೆನಪಿನಿಂದಲೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪ, ಪರದೇಶದ ಸುದ್ದಿ, ಕಥೆ, ನೀತಿಮಾತು ಎಲ್ಲವೂ ಇರುತ್ತಿದ್ದುವು. 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ಪಡೆಯಿತು. ಮಂಗಳೂರಿನಲ್ಲಿ ಅದು ಬದುಕಿದ್ದು ಒಂದು ವರ್ಷಕ್ಕಿಂತಲೂ ಕಡಿಮೆ. ಆದರೂ, ದೂರದ ಸುದ್ದಿಯನ್ನು ಯಾರ ಬಾಯಿಂದಲೋ ಕೇಳಬೇಕಾಗಿದ್ದ ಸಾಧಾರಣ ಮನುಷ್ಯನು ತಾನೇ ಓದಿ ತಿಳಿಯಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಇದೇ ಮೋಗ್ಲಿಂಗರು 1848ರಿಂದ ಮುಂದಕ್ಕೆ, ಕಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಧನಸಹಾಯದಿಂದ, ಕನ್ನಡದ ಹಳೆಯ ಕಾವ್ಯಗಳನ್ನು ಒಂದು ಗ್ರಂಥಮಾಲೆಯಾಗಿ ಮುದ್ರಿಸಿದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು, ಹೀಗೆ ಓಲೆಗರಿಗಳಲ್ಲಿಯೂ ಹಾಡುವವರ ಬಾಯಲ್ಲಿಯೂ ಇದ್ದವು ಅಚ್ಚಿನ ರೂಪಕ್ಕೆ ಬಂದುವು. ಕ್ರೈಸ್ತ ಮಿಶನಿನ ಮುದ್ರಣಾಲಯದಲ್ಲಿ ವೈಷ್ಣವ ವೀರಶೈವ ಗ್ರಂಥಗಳು ಅಚ್ಚಾದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಇನ್ನು ಫರ್ಡಿನಂಡ್ ಕಿಟ್ಟೆಲರ ವಿಷಯ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಹಿಂದುಸ್ಥಾನಕ್ಕೆ ಬಂದ ಇವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು. ಶಬ್ದಕ್ಕೆ ಅರ್ಥವನ್ನು ಬರೆದಿಟ್ಟು ಅವರು ಸುಮ್ಮನಾಗಲಿಲ್ಲ. ಹಳೆಯ ಕಾವ್ಯಗಳಿಂದ ಪ್ರಯೋಗಗಳನ್ನೂ, ಜನರ ಬಾಯಿಂದ ಗಾದೆಗಳನ್ನೂ ಎತ್ತಿಕೊಟ್ಟರು. ಶಬ್ದವು ನೆರೆಯ ತಮಿಳು, ಮಲೆಯಾಳ, ತೆಲುಗು, ತುಳುಗಳಲ್ಲಿ ಯಾವ ರೂಪದಲ್ಲಿದೆಯೆಂದು ತೋರಿಸುತ್ತ ಹೋದರು. ನಾವು ಕನ್ನಡದಲ್ಲಿ ಕಡಲು ಎನ್ನುತ್ತೇವೆ; ತುಳುವಿನಲ್ಲಿಯೂ ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಅದು ಕಡಲೇ. ಇಂತಹ ರಕ್ತಸಂಬಂಧವನ್ನು ಸಾವಿರಾರು ಮಾತುಗಳಲ್ಲಿ ಕಂಡವನಿಗೆ, ಮನೆಯ ತುಳು ಬೇರೆ, ಶಾಲೆಯ ಕನ್ನಡ ಬೇರೆ ಎಂಬ ಭಾವನೆ ಬಹಳ ಹೊತ್ತು ನಿಲ್ಲದು.

ಒಬ್ಬ ಪರದೇಶಿಯು ಇಷ್ಟನ್ನೂ ತನ್ನ ತಲೆಯಿಂದ ತೆಗೆಯಲಾರನೆಂಬುದನ್ನೂ ನಾವು ನೆನೆಯಬೇಕು. ಪಾಠ ಹೇಳಿದ ಪಂಡಿತರು, ಗಾದೆ ಹೇಳಿದ ರೈತರು, ಓಲೆಯನ್ನು ಪ್ರತಿ ಮಾಡಿಕೊಟ್ಟವರು, ಮೊಳೆ ಜೋಡಿಸಿದ ಕೆಲಸಗಾರರು, ಇವರಲ್ಲಿ ಹೆಚ್ಚಿನವರ ಹೆಸರು ಲೋಕಕ್ಕೆ ತಿಳಿದಿಲ್ಲ. ಏಡನ್ನಿಗೆ ಹೋದ ಬೊಮ್ಮನಂತೆ ಇವರೂ ಕಾಗದದ ಅಂಚಿನಲ್ಲಿ ನಿಂತವರು. ನಿಘಂಟು ಅವರದ್ದೂ ಹೌದು.

ಕನ್ನಡವು ಈ ಊರಿನಲ್ಲಿ ಉಳಿದ ನುಡಿಗಳನ್ನು ತುಳಿದು ಬೆಳೆಯಿತೆಂದು ಯಾರೂ ತಿಳಿಯಬಾರದು. ತುಳುವಿನ ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬ್ರಿಗೆಲರ ತುಳು ವ್ಯಾಕರಣವು 1872ರಲ್ಲಿಯೂ ಮೆನ್ನರರ ತುಳು ನಿಘಂಟು 1886ರಲ್ಲಿಯೂ ಹೊರಟುವು. ಕಥೋಲಿಕ ಗುರುಗಳಾದ ಮಾಫೆಯಿಯವರು ರಚಿಸಿದ ಕೊಂಕಣಿ ವ್ಯಾಕರಣವೂ (1882) ನಿಘಂಟೂ (1883) ಇದೇ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದುವು. ಒಂದು ನುಡಿಯನ್ನು ಆದರದಿಂದ ಕಲಿತವರಿಗೆ ಇನ್ನೊಂದರ ಬೆಲೆಯೂ ತಿಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಹೆಣ್ಮಕ್ಕಳ ಶಾಲೆಯವರಾದ ನಾವು ವಿಶೇಷವಾಗಿ ಸ್ಮರಿಸತಕ್ಕ ಒಂದು ಪುಸ್ತಕವುಂಟು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ 'ಇಂದಿರಾಬಾಯಿ'. ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಎಣಿಸುವ ಈ ಗ್ರಂಥವೂ ಮಂಗಳೂರಿನ ಅದೇ ಮುದ್ರಣಾಲಯದಿಂದ ಹೊರಬಿತ್ತು. ಪೊಲೀಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ವೆಂಕಟರಾಯರು ಅದರಲ್ಲಿ ಬರೆದದ್ದು ಯಾವ ರಾಜಕುಮಾರಿಯ ಕಥೆಯನ್ನೂ ಅಲ್ಲ. ಎಳೆಯ ವಯಸ್ಸಿನಲ್ಲಿ ವಿಧವೆಯಾದ ಒಬ್ಬ ಹುಡುಗಿ, ವಿದ್ಯೆಯನ್ನು ಪಡೆದು, ತನ್ನ ಬಾಳನ್ನು ತಾನೇ ಆರಿಸಿಕೊಂಡು ಮರುಮದುವೆಯಾದ ವೃತ್ತಾಂತ ಅದು. ಬಾಲವಿಧವೆಯರು ಮನೆಯ ಮೂಲೆ ಸೇರುತ್ತಿದ್ದ ಆ ದಿನಗಳಲ್ಲಿ, ಓದು ಕಲಿತ ಹುಡುಗಿಗೆ ಬೇರೆ ದಾರಿಯುಂಟೆಂದು ಕನ್ನಡದಲ್ಲಿ ಹೇಳುವ ಧೈರ್ಯವನ್ನು ನಮ್ಮ ಊರು ತೋರಿಸಿತು.

ವೆಂಕಟರಾಯರ ಮನೆಮಾತು ಕೊಂಕಣಿ. ನಮ್ಮ ಮಕ್ಕಳ ಬಾಯಲ್ಲಿ ನಲಿಯುವ ಹಾಡುಗಳನ್ನು ಬರೆದ ಪಂಜೆ ಮಂಗೇಶರಾಯರ (1874–1937) ಮನೆಮಾತೂ ಕೊಂಕಣಿಯೇ. ಉಪಾಧ್ಯಾಯರಾಗಿಯೂ ಶಾಲೆಗಳ ಇನ್‌ಸ್ಪೆಕ್ಟರರಾಗಿಯೂ ದುಡಿದ ಅವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1883ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ನೆಲಸಿದ ಗೋವಿಂದ ಪೈಗಳ ಮನೆಮಾತು ಸಹ ಕೊಂಕಣಿ. ಕನ್ನಡ ಕಾವ್ಯದಲ್ಲಿ ಪ್ರಾಸದ ಕಟ್ಟನ್ನು ಬಿಟ್ಟು ಬರೆದವರು, ಕ್ರಿಸ್ತನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ರಚಿಸಿದವರು, 1949ರಲ್ಲಿ ಮದ್ರಾಸು ಸರಕಾರದಿಂದ ರಾಷ್ಟ್ರಕವಿಯೆಂದು ಗೌರವಿಸಲ್ಪಟ್ಟವರು ಅವರು.

ತೀರ ಈಚೆಗಿನ ಒಂದು ಹೆಸರನ್ನೂ ಹೇಳುತ್ತೇವೆ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲೆಯಾಳ. ಅವರು ಕನ್ನಡ ಶಾಲೆಯಲ್ಲಿ ಓದಿದರು. 1980ರ ದಶಕದಲ್ಲಿ ತಮ್ಮ ಸಮಾಜದ ಹೆಣ್ಣುಮಗಳೊಬ್ಬಳ ಸಂಕಟವನ್ನು 'ಚಂದ್ರಗಿರಿಯ ತೀರದಲ್ಲಿ' ಎಂಬ ಕಾದಂಬರಿಯಲ್ಲಿ ಹೇಳಬೇಕಾದಾಗ ಅವರಿಗೆ ಒದಗಿಬಂದ ಭಾಷೆ ಆ ಶಾಲೆಯ ಕನ್ನಡ. ಬಾಳಿನ ಬಹುಭಾಗವನ್ನು ಮಂಗಳೂರಿನಲ್ಲಿ ಕಳೆದು 2023ರಲ್ಲಿ ಅವರು ತೀರಿಹೋದರು.

ಈಗ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಈ ಹೆಸರುಗಳನ್ನು ಒಮ್ಮೆ ಒಟ್ಟಿಗೆ ನೋಡಬೇಕು. ಪತ್ರಿಕೆಯನ್ನು ಹೊರಡಿಸಿದವರು ಜರ್ಮನರು. ನಿಘಂಟನ್ನು ಮಾಡಿದವರು ಜರ್ಮನರು. ಕಾದಂಬರಿ, ಮಕ್ಕಳ ಹಾಡು, ಹೊಸ ಕಾವ್ಯ ಇವುಗಳನ್ನು ಕೊಟ್ಟವರು ಕೊಂಕಣಿಗರು. ಹೆಣ್ಣಿನ ದುಃಖವನ್ನು ಬರೆದವರು ಮಲೆಯಾಳ ಮನೆಮಾತಿನ ಒಬ್ಬ ಮುಸ್ಲಿಂ ಮಹಿಳೆ. ಇವರಲ್ಲಿ ಒಬ್ಬರೂ ಕನ್ನಡವನ್ನು ತೊಟ್ಟಿಲಲ್ಲಿ ಕೇಳಿದವರಲ್ಲ. ಎಲ್ಲರೂ ಕಲಿತವರು. ಬೇರೆ ಸೀಮೆಗಳಲ್ಲಿ ಕನ್ನಡವು ತಾಯಿಯಿಂದ ಬರುತ್ತದೆ. ನಮ್ಮ ಊರಿನಲ್ಲಿ ಅದು ಬಹುಮಟ್ಟಿಗೆ ಶಾಲೆಯಿಂದ ಬಂದಿದೆ. ಇದೇ ನಮ್ಮ ಪರಂಪರೆಯ ವಿಶೇಷ. ಅದರ ಅಪಾಯವೂ ಇದರಲ್ಲೇ ಇದೆ. ಯಾಕಂದರೆ ತಾಯಿಯಿಂದ ಬಂದ ನುಡಿಯನ್ನು ಶಾಲೆ ಮರೆತರೂ ಮನೆ ಉಳಿಸೀತು. ಶಾಲೆಯಿಂದ ಬಂದ ನುಡಿಯನ್ನು ಶಾಲೆಯೇ ಬಿಟ್ಟರೆ ಉಳಿಸುವವರು ಯಾರು? ಒಂದು ತಲೆಮಾರಿನ ಮಕ್ಕಳು ಕಲಿಯದೆ ಹೋದರೆ ಸಾಕು, ಮೇಲೆ ಹೇಳಿದ ಪುಸ್ತಕಗಳೆಲ್ಲವೂ ಅವರ ಊರಿನಲ್ಲಿಯೇ ಅವರಿಗೆ ಪರದೇಶದ ಪುಸ್ತಕಗಳಾಗುವುವು.

ಆದುದರಿಂದ ಆ ತಾಯಿಗೆ ನಮ್ಮ ಉತ್ತರವಿಷ್ಟು. ತುಳು ನಿಮ್ಮ ಮನೆಯ ಒಳಗಿನ ಐಶ್ವರ್ಯ; ಅದನ್ನು ಎಂದಿಗೂ ಬಿಡಬೇಡಿ. ಇಂಗ್ಲಿಷು ಉದ್ಯೋಗಕ್ಕೂ ದೂರದ ಲೋಕಕ್ಕೂ ಬೇಕು; ಅದನ್ನು ಚೆನ್ನಾಗಿ ಕಲಿಸಬೇಕಾದದ್ದು ನಮ್ಮ ಕರ್ತವ್ಯ, ಅದರಲ್ಲಿ ನಮ್ಮಿಂದ ಕೊರತೆಯಾಗಿದ್ದರೆ ತಿದ್ದಿಕೊಳ್ಳುತ್ತೇವೆ. ಕನ್ನಡವಾದರೋ ನಿಮ್ಮ ಮಗಳು ನೆರೆಮನೆಯ ಕೊಂಕಣಿ ಹುಡುಗಿಯೊಡನೆಯೂ ಹಿಂದಿನ ಬೀದಿಯ ಬ್ಯಾರಿ ಹುಡುಗಿಯೊಡನೆಯೂ ಒಂದೇ ಪುಸ್ತಕವನ್ನು ಹಂಚಿಕೊಂಡು ಓದುವ ನುಡಿ. ಅವಳ ಅಜ್ಜಿ ಹೇಳುವ ತುಳು ಪಾಡ್ದನವನ್ನು ಬರೆದಿಡಬೇಕಾದರೂ ಅವಳಿಗೆ ಕನ್ನಡದ ಅಕ್ಷರಗಳೇ ಹತ್ತಿರದವು. ಪ್ರಯೋಜನವೆಂದರೆ ಸಂಬಳವೊಂದೇ ಅಲ್ಲವಷ್ಟೆ.

ಉತ್ತರ ಹೇಳಿದ ಮೇಲೆ ಕೆಲಸವನ್ನೂ ಹೇಳಬೇಕು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಮೂರು ವಿನಂತಿಗಳಿವೆ. ನೀವು ಎಲ್ಲಿಯೇ ನೆಲಸಿರಿ, ಮಕ್ಕಳು ಯಾವ ಶಾಲೆಯಲ್ಲಿಯೇ ಓದಲಿ, ದಿನಕ್ಕೆ ಕಾಲು ಗಂಟೆ ಅವರೊಡನೆ ಕುಳಿತು ಕನ್ನಡ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿರಿ. ಮನೆಯ ಹಿರಿಯರು ಹಾಡುವ ಹಾಡು, ಹೇಳುವ ಗಾದೆ, ಒಗಟು, ಅಡಿಗೆಯ ಮಾತು, ಯಾವ ಭಾಷೆಯದಾದರೂ ಸರಿ, ಕನ್ನಡ ಅಕ್ಷರದಲ್ಲಿ ಬರೆದಿಡಿರಿ. ಮೂರನೆಯದಾಗಿ, ಮನೆಯನ್ನು ಚೊಕ್ಕ ಮಾಡುವಾಗ ಸಿಕ್ಕುವ ಹಳೆಯ ಪಠ್ಯಪುಸ್ತಕ, ಪತ್ರ, ಲೆಕ್ಕದ ವಹಿಗಳನ್ನು ಗುಜರಿಯವರಿಗೆ ಕೊಡುವ ಮುಂಚೆ ಒಮ್ಮೆ ಶಾಲೆಗೆ ತಂದು ತೋರಿಸಿರಿ. ಎರಡು ವರ್ಷದ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ತೂಕಕ್ಕೆ ಹೋಗುತ್ತಿದ್ದ ಕಟ್ಟೊಂದನ್ನು ತಡೆದು ತಂದುಕೊಟ್ಟರು. ಅದರಲ್ಲಿ ಅವರ ಅಜ್ಜಿಯ ಬಾಲಪಾಠದ ಪುಸ್ತಕವಿತ್ತು. ಪುಟಗಳ ಅಂಚಿನಲ್ಲಿ ಸೀಸದ ಕಡ್ಡಿಯಿಂದ ತಿದ್ದಿದ ಅಕ್ಷರಗಳಿದ್ದುವು. ಅದೀಗ ನಮ್ಮ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿದೆ. ಕೈರೋವಿನವರು ಕಾಗದವನ್ನು ಬಿಸುಡದೆ ಇಟ್ಟುದರಿಂದಲ್ಲವೆ ನಮ್ಮ ಊರಿನ ಎಂಟುನೂರು ವರ್ಷದ ಹಿಂದಿನ ಸುದ್ದಿ ನಮಗೆ ಸಿಕ್ಕಿದ್ದು?

ಆ ತಾಯಿಯ ಮಗಳು ಈಗ ಬೇರೆ ಶಾಲೆಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಸಕಲ ಶ್ರೇಯಸ್ಸನ್ನು ಹಾರೈಸುತ್ತೇವೆ. ಅವಳು ಈ ಸಂಚಿಕೆಯನ್ನು ನೋಡುವುದಾದರೆ ಒಂದು ಮಾತು: ಶನಿವಾರ ಮಧ್ಯಾಹ್ನ ನಮ್ಮ ಗ್ರಂಥಾಲಯವು ತೆರೆದಿರುತ್ತದೆ. ಕಿಟ್ಟೆಲರ ನಿಘಂಟು ಕಿಟಕಿಯ ಬಳಿಯ ಮೇಜಿನ ಮೇಲಿದೆ. ಮಗೂ, ನಿನ್ನ ಅಜ್ಜಿ ಆಡುವ ಯಾವುದಾದರೂ ಒಂದು ಮಾತನ್ನು ನೆನಪಿಟ್ಟುಕೊಂಡು ಬಾ. ಅದರ ಅಕ್ಕತಂಗಿಯರನ್ನು ನಾವಿಬ್ಬರೂ ಕುಳಿತು ಹುಡುಕೋಣ.